ಒಳ್ಳೆಯ ಮಾಲೀಕರ ಹುಡುಕಾಟ

ಕಲಬುರಗಿ ಹತ್ತಿರದ ವಾಡಿಯಲ್ಲಿ ನಾನು ಕೆಲಸ ಮಾಡುತ್ತಿದ್ದ ಕಚೇರಿ ಹಲವು ದೇಶಗಳು ಸೇರಿ ನಡೆಸುವ ಸಂಸ್ಥೆಯದು. ಅಲ್ಲಿ ನೌಕರರಲ್ಲಿ ಎರಡು ಜಾತಿ. ಹೊರದೇಶದಿಂದ ಬಂದವರ ಸಂಬಳವನ್ನು, ತನ್ನ ನೌಕರರಿಗೆ ಎಲ್ಲರಿಗಿಂತ ಹೆಚ್ಚು ಕೊಡುವ ಸರ್ಕಾರ ಯಾವುದೋ ಅದನ್ನು ನೋಡಿ ಗೊತ್ತು ಮಾಡುತ್ತಿದ್ದರು. ಅದರ ಮೇಲೆ ಮಕ್ಕಳ ಶಾಲೆಯ ಫೀಸು, ತಮ್ಮ ದೇಶಕ್ಕೆ ಹೋಗಿಬರಲು ವಿಮಾನ, ನಮ್ಮ ಬಿಸಿಲು ಧೂಳಿನಲ್ಲಿ ಇರುವುದಕ್ಕೊಂದು ಕಷ್ಟಭತ್ಯೆ. ಇಲ್ಲೇ ಹುಟ್ಟಿ ಅದೇ ಧೂಳು ಕುಡಿದ ನಮಗೆ ಆ ಭತ್ಯೆ ಇಲ್ಲ. ಸ್ವಂತ ಊರಿನಲ್ಲಿ ಎಂಥ ಕಷ್ಟ ಎನ್ನುತ್ತಿದ್ದರು. ನಮ್ಮ ಸಂಬಳ ಸವಲತ್ತು ಮಾತ್ರ ಊರಿನ ಒಳ್ಳೆಯ ಮಾಲೀಕರು ಏನು ಕೊಡುತ್ತಾರೋ ಅದನ್ನು ನೋಡಿ ನಿಗದಿಯಾಗಬೇಕಂತೆ.

ಹೋದ ವರ್ಷ ಆ ಒಳ್ಳೆಯ ಮಾಲೀಕರನ್ನು ಹುಡುಕಲು ಹೊರದೇಶದ ತಜ್ಞನೊಬ್ಬ ಬಂದ. ದುಭಾಷಿಯಾಗಿ ನನ್ನನ್ನು ಕಟ್ಟಿಕೊಂಡು ಸೇಡಂ, ಚಿತ್ತಾಪುರ ಎಲ್ಲ ತಿರುಗಿದ. ಎಸಿ ಕಾರಿನಿಂದ ಇಳಿಯುವ ಮೊದಲು ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದ. ಇಂಥವನ ಕೈಯಲ್ಲಿ ನನ್ನ ಅವ್ವನ ಉಸಿರು ಸಿಕ್ಕಿಕೊಂಡಿತ್ತು. ಶಹಾಬಾದಿನ ಪಾಲಿಶ್ ಯಾರ್ಡುಗಳಲ್ಲಿ ಕಲ್ಲು ಹೊತ್ತು, ಅದರ ಧೂಳು ಕುಡಿದು ಅವಳ ಶ್ವಾಸಕೋಶ ಹಾಳಾಗಿತ್ತು. ಕೂಡಲೇ ಅಡ್ಮಿಟ್ ಮಾಡಿ ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ನೌಕರರ ತಂದೆತಾಯಿಯ ಚಿಕಿತ್ಸೆಗೆ ಇಲ್ಲಿನ ಮಾಲೀಕರು ಕೊಡುತ್ತಾರೆಂದು ಇವನಿಗೆ ಖಾತ್ರಿಯಾದರೆ ನಮ್ಮ ಸಂಸ್ಥೆಯೂ ಕೊಡುತ್ತಿತ್ತು.

ಅದಕ್ಕೇ ಅವನನ್ನು ಶಹಾಬಾದಿನ ಒಬ್ಬ ಕಲ್ಲಿನ ಸಾಹುಕಾರರ ಬಳಿ ಕರೆದೊಯ್ದೆ. ಆಳುಗಳ ಮುದಿ ತಂದೆತಾಯಿಯ ಆಪರೇಶನ್ನು, ಔಷಧಿ ಎಲ್ಲ ಆ ಸಾಬರೇ ನೋಡಿಕೊಳ್ಳುತ್ತಾರೆಂದು ಊರಿಗೆಲ್ಲ ಗೊತ್ತು. ಅವರು ಕೊಟ್ಟ ಚಹಾ ಮುಟ್ಟದೆ ತಜ್ಞ ತನ್ನ ಪ್ರಶ್ನೆ ಕೇಳಿದ. ಸಾಹುಕಾರರು ತಲೆ ತಗ್ಗಿಸಿದರು.

“ಇಲ್ರಿ, ಅಂಥಾದ್ದೇನೂ ನಾವು ಕೊಡಂಗಿಲ್ರಿ.”

ಕೊಟ್ಟ ದಾನವನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಅವರ ಮನೆತನದಲ್ಲೇ ಇಲ್ಲ. ಇದನ್ನು ತಜ್ಞನಿಗೆ ಬಿಡಿಸಿ ಹೇಳಿ, ಹೊರಗಿರುವ ಆಳುಗಳನ್ನು ಕೇಳೋಣ ಬನ್ನಿ ಎಂದೆ. ಅವನು ನಕ್ಕ. ಮಾಲೀಕ ಹೇಳಿದ್ದಷ್ಟೇ ಲೆಕ್ಕಕ್ಕೆ, ಗಾಳಿಸುದ್ದಿ ಅಲ್ಲ ಎಂದ. ಪಕ್ಕದ ಯಾರ್ಡಿನ ಮಾಲೀಕ ಆಳುಗಳ ಕೂಲಿಯನ್ನೇ ನುಂಗುವವನು. ತಾನು ಹಬ್ಬಕ್ಕೆ ಹಂಚುವ ಸ್ವೀಟ್ ಬಾಕ್ಸಿನ ಬಗ್ಗೆ ಅವನು ಅರ್ಧ ತಾಸು ಕೊರೆದ. ಅದು ಲೆಕ್ಕಕ್ಕೆ ಬಂತು. ಮುಂದೆ ದೀಪಾವಳಿಗೆ ಕಚೇರಿಯಿಂದ ನಮಗೆಲ್ಲ ಒಂದೊಂದು ಬಾಕ್ಸ್ ಕೊಟ್ಟರು ಕೂಡ. ಇಷ್ಟು ದಡ್ಡತನ ಕಲಿಯಲು ಈ ಜನ ಎಷ್ಟು ವರ್ಷ ಓದಿದ್ದರೋ ಏನೋ, ನನಗಂತೂ ಅವರ ಮುಖ ನೋಡಲು ಹೇಸಿಗೆಯಾಗುತ್ತಿತ್ತು.

ಅಂದು ಸಂಜೆ ಒಬ್ಬನೇ ಹೋಗಿ, ನೀವು ಹೂಂ ಅಂದಿದ್ದರೆ ನನ್ನ ಅವ್ವನ ಚಿಕಿತ್ಸೆಗೆ ದುಡ್ಡು ಸಿಗುತ್ತಿತ್ತು ಎಂದು ಸಾಹುಕಾರರ ಮೇಲೆ ರೇಗಿದೆ.

“ನಾಳಿಗಿ ನನ್ನ ಗಾಡಿ ಬರ್ತದ. ಅವ್ವಗ ದವಾಖಾನಿಗಿ ಸೇರಸ್ರಿ, ಖರ್ಚು ನಂದು,” ಎಂದರು ಅವರು. “ಖರೇ, ಯಾರ ಮುಂದೂ ಹೇಳಬ್ಯಾಡ್ರಿ. ಅವ್ವನ ಮುಂದೂ ಬ್ಯಾಡ್ರಿ.”

ಬೆಳಗ್ಗೆ ಕಾರು ಬಂತು. ಅವ್ವ ಸೀಟನ್ನು ಕೈಯಿಂದ ಸವರಿ, ಏದುಸಿರಿನ ನಡುವೆ, “ನಿಮ್ ಆಫೀಸಿನ ಗಾಡಿ ಏನೋ ಇದು?” ಎಂದಳು.

ಮಾತು ಕೊಟ್ಟಾಗಿತ್ತು. ಹೌದೆಂದೆ.

“ಭಾಳ ಛಲೋ ಮಂದಿ ನೋಡು. ಅವರ ಮಕ್ಕಳು ಮರಿ ತಣ್ಣಗಿರ್ಲಿ,” ಎಂದವಳು ಕಲಬುರಗಿ ಮುಟ್ಟುವವರೆಗೂ ಅವರನ್ನು ಹರಸುತ್ತಲೇ ಇದ್ದಳು.