ಎರಡನೆಯ ತೂತಿನ ಮೇಲಂಚು

ಇಂಜಿನ್ನಿನಿಂದ ಬಿಚ್ಚಿ ತೆಗೆದ ಪ್ಯಾಕಿಂಗಿನ ಎರಡನೆಯ ತೂತಿನ ಮೇಲಂಚಿನಲ್ಲಿ ಜೋಳದ ಕಾಳಿನಷ್ಟು ಜಾಗ ಸುಟ್ಟು ಕಪ್ಪಾಗಿತ್ತು. ಉಳಿದ ಮೂರು ತೂತುಗಳ ಅಂಚು ಬೂದುಬಣ್ಣದಲ್ಲೇ ಇತ್ತು. ಮೊದಲು ಕತ್ತರಿಸಿದ ಪ್ಯಾಕಿಂಗ್ ಕೂಡ ಅದೇ ಜಾಗದಲ್ಲಿ ಸುಟ್ಟಿತ್ತು. ಎರಡನ್ನೂ ಕಟ್ಟೆಯ ಮೇಲೆ ಪಕ್ಕಪಕ್ಕದಲ್ಲಿಟ್ಟು ನೋಡಿದೆ.

ಮಹಾಯುದ್ಧದ ದಿನಗಳು. ಹಾನಗಲ್ಲಿನಿಂದ ಶಿಗ್ಗಾಂವಿಗೆ ಜನರನ್ನು ಒಯ್ಯುತ್ತಿದ್ದ ಅಪ್ಪನ ಮೋಟಾರಿನ ಇಂಜಿನ್ ಬಿರುಕು ಬಿಟ್ಟಿತ್ತು. ಹೊಸದು ಎಲ್ಲಿಯೂ ಸಿಗುತ್ತಿರಲಿಲ್ಲ. ಹಿರೇಕೆರೂರಿನಲ್ಲಿ ಮೂಲೆಗೆ ಬಿದ್ದಿದ್ದ ಲಾರಿಯೊಂದರ ಇಂಜಿನ್ನನ್ನು ಅಪ್ಪ ಚಕ್ಕಡಿಯಲ್ಲಿ ಹಾಕಿಸಿ ತಂದರು. ಕಂಪನಿ ಒಂದೇ. ಆದರೆ ಲಾರಿಯ ಮ್ಯಾನಿಫೋಲ್ಡ್, ಅಂದರೆ ನಾಲ್ಕು ತೂತುಗಳ ಹೊಗೆಯನ್ನು ಒಂದೇ ಕೊಳವೆಗೆ ಕೂಡಿಸುವ ಬೀಡುಕಬ್ಬಿಣದ ಭಾಗ, ನಮ್ಮ ಮೋಟಾರಿನ ಸ್ಟಿಯರಿಂಗ್ ದಂಡಕ್ಕೆ ತಾಗುತ್ತಿತ್ತು. ಹೀಗಾಗಿ ನಮ್ಮ ಹಳೆಯ ಮ್ಯಾನಿಫೋಲ್ಡನ್ನೇ ಹೊಸ ಇಂಜಿನ್ನಿಗೆ ಕೂಡಿಸಬೇಕಾಯಿತು. ಎರಡರ ನಡುವೆ ಹೊಗೆ ಸೋರದಂತೆ ಕಲ್ನಾರಿನ ಹಾಳೆಯ ಪ್ಯಾಕಿಂಗ್.

ಕೆಲಸ ಸವಣೂರಿನ ಮಿಸ್ತ್ರಿಯವರದು. ಆರು ವರ್ಷದಿಂದ ನಮ್ಮಲ್ಲಿದ್ದರು. ನಾನು ಪುಣೆಯಲ್ಲಿ ಭೌತಶಾಸ್ತ್ರ ಓದಿ ಮುಗಿಸಿ ಮನೆಗೆ ಬಂದಿದ್ದೆ. ಮಾಡಲು ಬೇರೆ ಕೆಲಸವಿಲ್ಲದೆ ಪುಸ್ತಕ ಹಿಡಿದು ಮೋಟಾರಿನ ಛಪ್ಪರದ ಕಟ್ಟೆಯ ಮೇಲೆ ಕೂಡುತ್ತಿದ್ದೆ.

ಎರಡನೆಯ ಪ್ಯಾಕಿಂಗ್ ಹಾಕಿ ಇಂಜಿನ್ ಶುರುಮಾಡಿದಾಗಲೂ ಫಟ್ ಫಟ್ ಎಂದು ಹೊಗೆ ಹೊರಗೆ ನುಗ್ಗಿತು. ಡ್ರೈವರ್ ಮೂಗು ಮುಚ್ಚಿಕೊಂಡ.

"ಮಿಸ್ತ್ರಿ, ಇಂಜಿನ್ ಕೆಮ್ಮಾಕತ್ತೈತಿ. ಶುಂಠಿ ಕಷಾಯ ಕುಡಸ್ರಿ."

"ನೀ ಮೊದಲ ಸಪ್ಪಳಿಲ್ದಂಗ ಗೇರ್ ಹಾಕೂದು ಕಲಿ. ಆಮ್ಯಾಲ ಡಾಕ್ಟರ್ ಆಗೀಯಂತ."

ಅಪ್ಪ ನಗಲಿಲ್ಲ. "ನಾಳೆ ಸಂಜಿತನಾ ನೋಡ್ತೇನಿ, ಮಿಸ್ತ್ರಿ. ಆಗ್ಲಿಲ್ಲಂದ್ರ ಹುಬ್ಬಳ್ಳಿಯವರನ್ನ ಕರಸ್ತೇನಿ. ನೀವೂ ಬ್ಯಾರೆ ಕಡೆ ನೋಡ್ಕೊಳ್ರಿ" ಎಂದು ಒಳಗೆ ಹೋದರು.

ಮರುದಿನ ಮಿಸ್ತ್ರಿ ಇಂಜಿನ್ನಿನ ಮುಖಕ್ಕೆ ಎಣ್ಣೆ ಕಲಸಿದ ಕಾಡಿಗೆ ಹಚ್ಚಿ, ಕಾಗದ ಒತ್ತಿ, ತೂತುಗಳ ಅಚ್ಚು ತೆಗೆದರು. ಮ್ಯಾನಿಫೋಲ್ಡಿನದೂ ಒಂದು ಅಚ್ಚು ತೆಗೆದರು. ಆಮೇಲೆ ಕಾಗದವನ್ನು ತೋಳುದ್ದ ದೂರ ಹಿಡಿದು, ತಲೆ ಹಿಂದಕ್ಕೆ ಎಳೆದುಕೊಂಡು ನೋಡಿದರು. ಕತ್ತರಿ ಆಡಿಸುವಾಗ ಮಾತ್ರ ನೋಡುತ್ತಲೇ ಇರಲಿಲ್ಲ. ಎಡಗೈ ಹೆಬ್ಬೆರಳಿನಿಂದ ಅಂಚನ್ನು ತಡವಿ ತಡವಿ ಕತ್ತರಿಸುತ್ತಿದ್ದರು.

ನಡುವೆ ಒಮ್ಮೆ ತಲೆಯೆತ್ತಿ, "ಸಾವಕಾರ್ರು ಬರಾಕತ್ತಾರ. ಛತ್ರಿ ಬಗಲಾಗ ಐತಿ" ಎಂದರು. ಕೆರೆಯ ಏರಿಯ ಮೇಲೆ ಅಪ್ಪ ನನಗೆ ಒಂದು ಬಿಳಿ ಚುಕ್ಕೆಯಾಗಿ ಮಾತ್ರ ಕಂಡರು.

ಆಗ ತಿಳಿಯಿತು. ಒಳಗೆ ಹೋಗಿ, ತೀರಿಕೊಂಡ ಅಜ್ಜಿಯ ಚಾಳೀಸನ್ನು ಗೂಡಿನಿಂದ ತೆಗೆದು ತಂದೆ. ಅಜ್ಜಿ ಪುರಾಣ ಓದಲು ಹಾಕಿಕೊಳ್ಳುತ್ತಿದ್ದ ಕನ್ನಡಕ ಅದು. ಕಾಗದದ ಪಕ್ಕದಲ್ಲಿಟ್ಟೆ.

ಮಿಸ್ತ್ರಿಯ ಮುಖ ಬಿಗಿದುಕೊಂಡಿತು. "ನನ್ನ ಕಣ್ಣು ಹೋಗ್ಯಾವಂತ ಯಾರ ಹೇಳಿದ್ರು, ಅಕ್ಕಾರ?"

"ಹೋಗಿಲ್ರಿ. ನಲವತ್ತು ದಾಟಿದ ಮ್ಯಾಲ ಸಮೀಪದ್ದು ಎಲ್ಲಾರಿಗೂ ಮಸುಕ ಕಾಣ್ತೈತಿ. ದೂರದ್ದು ನನಗಿಂತ ನಿಮಗ ಚಂದ ಕಾಣ್ತೈತಿ."

ಅವರು ಕತ್ತರಿ ಕೆಳಗಿಟ್ಟರು. "ನನ್ನ ಉಸ್ತಾದ ಚಾಳೀಸು ಹಾಕ್ಕೊಂಡ ಗ್ಯಾರೇಜಿಗೆ ಬಂದ ದಿವಸನ ಮಾಲಕ ಅಂವನ್ನ ಮನಿಗೆ ಕಳಿಸಿದ. ಕೈ ಮೊದಲಿನಂಗ ಇತ್ತು. ಕೈ ಯಾರು ನೋಡ್ತಾರ?"

ನಾನು ಎದ್ದು, ಮನೆಯ ಕಡೆಗಿದ್ದ ತಟ್ಟಿಯ ಬಾಗಿಲನ್ನು ಎಳೆದು ಮುಚ್ಚಿ, ಹೊರಗಿನ ಕಲ್ಲಿನ ಮೇಲೆ ಕುಳಿತೆ. ಅಪ್ಪ ಬಂದು ಕೈಕಾಲು ತೊಳೆದು ಊಟಕ್ಕೆ ಕುಳಿತರು. ಸ್ವಲ್ಪ ಹೊತ್ತಿಗೆ ಛಪ್ಪರದೊಳಗಿಂದ ಮಿಸ್ತ್ರಿ ಮೆಲ್ಲಗೆ ಕರೆದರು.

ಚಾಳೀಸಿನ ಒಂದು ಕಡ್ಡಿಗೆ ಅಜ್ಜಿ ಕಟ್ಟಿದ್ದ ಕರಿ ದಾರ ಅವರ ಕಿವಿಯ ಹಿಂದೆ ಜೋತುಬಿದ್ದಿತ್ತು. ಎರಡೂ ಅಚ್ಚುಗಳನ್ನು ಒಂದರ ಮೇಲೊಂದು ಇಟ್ಟು ಬಿಸಿಲಿಗೆ ಹಿಡಿದಿದ್ದರು.

"ಇಲ್ಲಿ ನೋಡ್ರಿ. ಮೂರು ತೂತು ಕೂಡ್ತಾವ. ಎರಡನೇದ್ದು ಹಳೇ ಮ್ಯಾನಿಫೋಲ್ಡಿನಾಗ ಒಂದು ಕಾಳು ಕೆಳಗೈತಿ. ಬಿಸಿ ಹೊಗಿ ಅದರ ಮ್ಯಾಲಂಚಿಗೆ ಬಡೀತೈತಿ, ಎಷ್ಟ ಪ್ಯಾಕಿಂಗ್ ಹಾಕಿದ್ರೂ ಸುಡೂದ. ಬೀಡನ್ನ ಉಜ್ಜಬೇಕಾಗೈತಿ." ಆಮೇಲೆ ತಾವೇ ನಕ್ಕರು. "ಎರಡು ದಿವಸ ಇದನ್ನ ಬೆರಳಿಂದ ಹುಡಕಾಕತ್ತಿದ್ದೆ."

ಮಧ್ಯಾಹ್ನವೆಲ್ಲ ಅರ ಹಿಡಿದು ಆ ತೂತಿನ ಮೇಲಂಚನ್ನು ಉಜ್ಜಿದರು. ಕಾಗದ ಒತ್ತಿ ಒತ್ತಿ ನೋಡಿದರು. ಮೂರನೆಯ ಪ್ಯಾಕಿಂಗನ್ನು ಗೆರೆಯ ಮೇಲೆಯೇ ಕತ್ತರಿಸಿದರು.

ಸಂಜೆ ಅಪ್ಪ ಬರುವ ಮೊದಲೇ ಚಾಳೀಸು ಡಬ್ಬಿಯೊಳಗೆ ಸೇರಿ ನನ್ನ ಕೈಗೆ ಮರಳಿತ್ತು. ಇಂಜಿನ್ ಶುರುವಾಯಿತು. ಚಹಾ ಕಾಯುವಷ್ಟು ಹೊತ್ತು ನಡೆಯಿತು. ಫಟ್ ಫಟ್ ಇರಲಿಲ್ಲ.

"ಕೆಮ್ಮು ಹೋತಲ್ರಿ!" ಎಂದ ಡ್ರೈವರ್.

"ಏನ್ ಮಾಡಿದ್ರಿ?" ಅಪ್ಪ ಕೇಳಿದರು.

"ಒಂದು ಕಾಳಿನಷ್ಟು ಬೀಡು ಉಜ್ಜಿದೆರಿ."

"ಆತು. ನಾಳೆ ಶಿಗ್ಗಾಂವಿಗೆ ಹೊರಡ್ಲಿ." ಹುಬ್ಬಳ್ಳಿಯ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ. ಅವರು ಹೋದ ಮೇಲೆ ನಾನು ಡಬ್ಬಿಯನ್ನು ಮಿಸ್ತ್ರಿಯ ಮುಂದೆ ಚಾಚಿದೆ. ಅವರು ತಲೆ ಅಲ್ಲಾಡಿಸಿದರು. "ಬ್ಯಾಡ್ರಿ ಅಕ್ಕಾರ. ಕಿಸೇದಾಗ ಕಂಡ್ರ ಕೇಳ್ತಾರ."

ಮರುದಿನ ಬೆಳಿಗ್ಗೆ ಮೋಟಾರು ಹೊರಟ ಮೇಲೆ, ಮಿಸ್ತ್ರಿ ಬರುವ ಮೊದಲು, ನಾನು ಛಪ್ಪರಕ್ಕೆ ಹೋದೆ. ಕಲ್ನಾರಿನ ತುಂಡುಗಳ ತಗಡಿನ ಪೆಟ್ಟಿಗೆಗೆ ಅವರ ಹೊರತು ಯಾರೂ ಕೈ ಹಾಕುತ್ತಿರಲಿಲ್ಲ. ಚಾಳೀಸಿನ ಡಬ್ಬಿಯನ್ನು ಅದರ ತಳದಲ್ಲಿಟ್ಟು, ಮೇಲೆ ಸುಟ್ಟ ಎರಡು ಪ್ಯಾಕಿಂಗ್ ಮುಚ್ಚಿದೆ. ಒಳಗೆ ಬಂದು ನೋಡಿದರೆ ಅಜ್ಜಿಯ ಗೂಡಿನ ಧೂಳಿನಲ್ಲಿ ಡಬ್ಬಿ ಇದ್ದ ಜಾಗವಷ್ಟೇ ಚೊಕ್ಕವಾಗಿ ಕಾಣುತ್ತಿತ್ತು. ಒದ್ದೆ ಅರಿವೆ ತಂದು ಇಡೀ ಗೂಡನ್ನು ಒರೆಸಿದೆ.