ಆ ತಿರುವು ದಾಟಿದರೆ ಸರೋವರ

ನಡೆಯುವವರಿಗೆ ದೂರ ಹೇಳಬಾರದು ಎನ್ನುತ್ತಿದ್ದರು ನಮ್ಮಜ್ಜಿ. ಯಾರಾದರೂ ದಾರಿ ಕೇಳಿದರೆ 'ಇಲ್ಲೇ, ಒಂದು ಕೂಗಳತೆ' ಅನ್ನಬೇಕಂತೆ. ಇಷ್ಟು ಮೈಲಿ ಎಂದು ಲೆಕ್ಕ ಒಪ್ಪಿಸಿದರೆ ಕಾಲು ನಿಂತಲ್ಲೇ ಸೋಲುತ್ತದಂತೆ. ನಾನು ಮಾತು ಕಲಿತದ್ದೇ ಅವರ ಮಗ್ಗುಲಲ್ಲಿ. ಗಾದೆ, ಬೈಗುಳಗಳ ಜೊತೆ ಅವರ ಈ ಸಣ್ಣ ಸುಳ್ಳೂ ನನಗೆ ಬಂತು.

ನಾವಿರುವುದು ಸಿಡ್ನಿಯ ರೌಸ್ ಹಿಲ್‌ನಲ್ಲಿ, ನನ್ನ ಗೆಳತಿ ಇರುವುದು ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ. ವರ್ಷಕ್ಕೊಮ್ಮೆ ಎರಡೂ ಊರುಗಳ ನಡುವೆ, ಹಿಮಗುಡ್ಡಗಳ ಬುಡದಲ್ಲಿರುವ ಜಿಂಡಬೈನ್‌ನಲ್ಲಿ ಒಂದು ಮನೆ ಬುಕ್ ಮಾಡಿ ಸೇರುತ್ತೇವೆ. ಆ ಬೇಸಿಗೆಯಲ್ಲಿ ಗೆಳತಿಗೆ ಏಳು ತಿಂಗಳು ತುಂಬಿತ್ತು. ಬಾಣಂತನಕ್ಕೆಂದು ಧಾರವಾಡದಿಂದ ಬಂದಿದ್ದ ಅವಳ ತಾಯಿಯನ್ನೂ ಕರೆತಂದಿದ್ದಳು. ನನಗೆ ಅವರು ಆಂಟಿ.

"ಬಾಣಂತಿಗಂತ ಕಟ್ಟಿದ್ದ ಅಂಟಿನುಂಡಿ ಏರ್‌ಪೋರ್ಟ್‌ನ್ಯಾಗ ಕಸಗೊಂಡ್ರವಾ," ಎಂದು ಆಂಟಿ ಮೊದಲ ದಿನವೇ ದೂರು ಹೇಳಿದರು. "ಹೋಗ್ಲಿ, ಕಾಲ್ ಏನ್ ಕಸಗೊಳ್ಳಾಕ ಆಗಂಗಿಲ್ಲಲ್ಲ! ಹದಿನಾಲ್ಕು ಕೂಸಿಗೆ ಎರದ ಕಾಲಿವು. ಹದಿನೈದನೇದು ನನ್ನ ಮಗಳದ್ದು."

ನೆಲಕ್ಕೆ ಕೂತು, ಕಾಲು ಚಾಚಿ, ಮೊಣಕಾಲಿನಿಂದ ಕೆಳಗೆ ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಿ ಬಿಸಿನೀರು ಎರೆಯುವುದು. ಅದಕ್ಕಾಗಿಯೇ ಅವರು ಸಮುದ್ರ ದಾಟಿ ಬಂದಿದ್ದರು. ಉಳಿದದ್ದನ್ನೆಲ್ಲ ಅಳಿಯ ಮಾಡಲಿ, ಅದೊಂದು ನನಗಿರಲಿ ಎಂದು ಮಗಳಿಂದ ಮಾತು ತೆಗೆದುಕೊಂಡಿದ್ದರು.

ಮರುದಿನ ಬೆಳಿಗ್ಗೆ ಗೆಳತಿಯೂ ಅವಳ ಗಂಡನೂ ಮನೆಯಲ್ಲೇ ಉಳಿದರು. ನಾನು, ಹನ್ನೊಂದರ ನನ್ನ ಮಗಳು, ಆಂಟಿ ಮೂವರೂ ಷಾರ್ಲೆಟ್ ಪಾಸ್‌ಗೆ ಕಾರಿನಲ್ಲಿ ಹೋದೆವು. ಅಲ್ಲಿಂದ ಕಾಲುದಾರಿಗಳು ಕವಲೊಡೆಯುತ್ತವೆ. ಒಂದು, ಗಿಡ್ಡ ಮರಗಳ ನಡುವೆ ಹಲಗೆ ಹಾಸಿದ ದಾರಿ. ಅಜ್ಜಿಯರೂ ಮಕ್ಕಳೂ ಅರ್ಧ ಗಂಟೆಯಲ್ಲಿ ಗುಡ್ಡಸಾಲು ನೋಡಿ ಮರಳಬಹುದು. ಇನ್ನೊಂದು ಸ್ನೋಯಿ ನದಿಗೆ ಕಡಿದಾಗಿ ಇಳಿದು, ಕಲ್ಲಿನಿಂದ ಕಲ್ಲಿಗೆ ಹೆಜ್ಜೆಯಿಟ್ಟು ನದಿ ದಾಟಿ, ಮತ್ತೆ ಏರಿ ಬ್ಲೂ ಲೇಕ್ ಎಂಬ ಸರೋವರ ಮುಟ್ಟುತ್ತದೆ. ಇಳಿದಷ್ಟನ್ನೂ ಮರಳುವಾಗ ಕೊನೆಯಲ್ಲಿ, ದಣಿದ ಕಾಲಲ್ಲಿ, ಹತ್ತಬೇಕು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ವರ್ಷ ನದಿಯವರೆಗೆ ಹೋಗಿ, ಮೋಡ ಕವಿದು ಹಿಂದಿರುಗಿದ್ದೆ.

ಆಂಟಿ ಸರೋವರದ ದಾರಿಯ ಫಲಕದ ಮುಂದೆ ನಿಂತರು. ಸೀರೆಯ ಕೆಳಗೆ ಗೆಳತಿಯ ಬಿಳಿ ಶೂ.

"ಚಷ್ಮಾ ಮನಿಯಾಗ ಬಿಟ್ಟೇನಿ. ಎಷ್ಟ್ ದೂರ ಬರದಾರವಾ? ಮೊಣಕಾಲು ಒಂದೀಟು ಹಿಡೀತದ ನೋಡು."

ಹೋಗಲು ಐದು ಕಿಲೋಮೀಟರ್, ಬರಲು ಐದು ಎಂದು ಬರೆದಿತ್ತು. ಅವರು ಬರದಿದ್ದರೆ ನಾನೂ ಅವರ ಜೊತೆ ಹಲಗೆಯ ಮೇಲೆ ಸುತ್ತಬೇಕಿತ್ತು. ಆಕಾಶ ತಿಳಿಯಾಗಿತ್ತು.

"ಇಲ್ಲೇ ಆಂಟಿ, ಆ ತಿರುವು ದಾಟಿದ್ರೆ ಸರೋವರ," ಅಂದೆ.

"ಅಮ್ಮಾ, ದಟ್ಸ್ ನಾಟ್ ಟ್ರೂ," ಎಂದಳು ಮಗಳು. ಕಣ್ಣು ಬಿಟ್ಟು ಅವಳನ್ನು ಸುಮ್ಮನಾಗಿಸಿದೆ.

ಎಷ್ಟು ತಿರುವುಗಳಲ್ಲಿ ಅದನ್ನೇ ಹೇಳಿದೆನೋ! ನದಿಯ ಹತ್ತಿರ ಆಂಟಿ ನಕ್ಕರು: "ನಿನ್ನ ತಿರುವು ರಬ್ಬರಿಂದೇನು, ಎಳದಷ್ಟೂ ಬರ್ತದಲ್ಲ!" ಆಗಲಾದರೂ ಹೇಳಬಹುದಿತ್ತು. ಹೇಳುವ ಬದಲು ಚಕ್ಕುಲಿ ಕೊಟ್ಟೆ.

ಕೊನೆಗೂ ಸರೋವರ ಕಂಡಿತು. ಬಟ್ಟಲಿನಂಥ ಬಂಡೆಗಳ ನಡುವೆ ಕಡುನೀಲಿ ನೀರು; ಆ ಬಿಸಿಲಲ್ಲೂ ನೆರಳಿನ ಬಂಡೆಗೆ ಅಂಟಿದ್ದ ಒಂದು ತುಂಡು ಹಿಮ. ಆಂಟಿ ಕೈ ಮುಗಿದರು. ನಾನು ಫೋಟೋ ತೆಗೆದೆ. ಅದರಲ್ಲಿ ಅವರು ನಗುತ್ತಿದ್ದಾರೆ, ಒಂದು ಕೈ ಮೊಣಕಾಲಿನ ಮೇಲಿದೆ. ಕೈಯನ್ನು ನಾನು ಗಮನಿಸಿದ್ದು ಆಮೇಲೆ.

ಕೊನೆಯ ಏರಿನಲ್ಲಿ ಅವರು ಹತ್ತು ಹೆಜ್ಜೆಗೊಮ್ಮೆ ನಿಂತರು. ಮಗಳು ತನ್ನ ಹೆಗಲು ಕೊಟ್ಟಳು, ನನ್ನ ಮುಖ ನೋಡಲಿಲ್ಲ. ಕಾರಿನಲ್ಲಿ ಕೂರುವ ಹೊತ್ತಿಗೆ ಮೊಣಕಾಲು ಬಾತು ತೆಂಗಿನಕಾಯಿಯಷ್ಟಾಗಿತ್ತು.

"ಅಷ್ಟು ದೂರ ಯಾಕಮ್ಮಾ ಹೋದೆ?" ಎಂದು ಗೆಳತಿ ಅಳುಮುಖ ಮಾಡಿದಳು.

"ನಾನಽ ಹಟ ಹಿಡದೆ. ಕಲ್ಲಿನ ಮ್ಯಾಲ ಕಾಲು ಜಾರ್ತು," ಎಂದರು ಆಂಟಿ. ಅವರ ಕಾಲು ಎಲ್ಲೂ ಜಾರಿರಲಿಲ್ಲ. ನನ್ನ ಮಾನ ಕಾಯಲು ಅವರು ಆಡಿದ ಸುಳ್ಳಿನ ಹಿಂದೆ ನಾನು ಅಡಗಿ ಕೂತೆ. ಐಸ್ ತಂದುಕೊಟ್ಟೆ, ಮುಲಾಮು ಹಚ್ಚಿದೆ, ಬಾಯಿ ಬಿಡಲಿಲ್ಲ.

ಕೂಸು ಹುಟ್ಟಿದ ಮೂರನೇ ವಾರ ನಾನೂ ಮಗಳೂ ಗ್ಲೆನ್ ವೇವರ್ಲಿಗೆ ಹೋದೆವು. ಅಷ್ಟು ದಿನವೂ ಕೂಸಿಗೆ ಪ್ಲಾಸ್ಟಿಕ್ ಟಬ್‌ನಲ್ಲೇ ಸ್ನಾನವಾಗಿತ್ತು. ಆಂಟಿ ಕೋಲು ಹಿಡಿದು ನಡೆಯುತ್ತಿದ್ದರು. ನೆಲಕ್ಕೆ ಕೂರಬೇಡಿ ಎಂದು ಡಾಕ್ಟರ್ ಹೇಳಿದ್ದರು.

"ನೀ ಬಂದೀಯಲ್ಲ, ಛಲೋ ಆತು," ಎಂದು ಬಚ್ಚಲಿಗೆ ಕುರ್ಚಿ ಹಾಕಿಸಿಕೊಂಡರು. "ನೆಲಕ್ಕ ಕೂಡು. ಕಾಲು ಚಾಚು. ನಾ ಹೇಳ್ದಂಗ ಮಾಡು."

ಕೂತೆ. ಗೆಳತಿ ಕೂಸನ್ನು ನನ್ನ ಕಾಲ ಮೇಲಿಟ್ಟು ಟವೆಲ್ ಹಿಡಿದು ಬಾಗಿಲಲ್ಲಿ ನಿಂತಳು. ಅವಳ ಹಿಂದೆ ನನ್ನ ಮಗಳು. ಮೊಣಕಾಲಿನಿಂದ ಕೆಳಗೆ ಆ ಬೆಚ್ಚನೆಯ, ಹಿಡಿಯಷ್ಟು ಭಾರ. ಅದು ನನ್ನ ಕಾಲಿನ ಮೇಲೆ ಇರಬೇಕಾದದ್ದಲ್ಲ. ಆಂಟಿ ಕುರ್ಚಿಯಿಂದ ಬಾಗಿ, ಕೈ ಚಾಚಿ, ಬೆರಳ ತುದಿಯಿಂದ ಕೂಸಿನ ನೆತ್ತಿ ಮುಟ್ಟಲು ನೋಡಿದರು. ಎಟುಕಲಿಲ್ಲ.

"ಆಂಟಿ, ಬೋರ್ಡಲ್ಲಿ ಐದು ಕಿಲೋಮೀಟರ್ ಅಂತ ಇತ್ತು," ಅಂದುಬಿಟ್ಟೆ. "ನಂಗೆ ಗೊತ್ತಿತ್ತು. ಲೇಕ್ ನೋಡೋ ಆಸೆಗೆ ಸುಳ್ಳು ಹೇಳಿದೆ."

ಬಾಗಿಲಲ್ಲಿ ಗೆಳತಿಯ ಕೈಯ ಟವೆಲ್ ಕೆಳಗಿಳಿಯಿತು. ಆಂಟಿ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ಆಗ ಹೇಳಿದ್ರ ನಾ ಬರ್ತಿರಲಿಲ್ಲ," ಎಂದರು. ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಆಮೇಲೆ ತಂಬಿಗೆಯನ್ನು ನನ್ನ ಕಡೆ ತಳ್ಳಿದರು. "ನೀರು ಆರತದ. ಹಾಕು. ಕಣ್ಣಿಗೆ ಕೈ ಅಡ್ಡ ಹಿಡಿ."

ಹಿಡಿದೆ.