ಟೀವಿಯಲ್ಲಿ ಬಿದ್ದ ರುಮಾಲು

ಕಾಕಾ ರುಮಾಲು ಸುತ್ತುವಾಗ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಿದ್ದ. ಇನ್ನೊಂದು ತುದಿಯನ್ನು ಕಾಕಿ ಪಡಸಾಲೆಯ ಆ ಕಡೆ ನಿಂತು ಹಿಡಿಯಬೇಕು. ಕನ್ನಡಿ ನೋಡುತ್ತಿರಲಿಲ್ಲ. ಸುತ್ತಿನ ಮೇಲೆ ಸುತ್ತು ಹಾಕಿ, ಕೊನೆಗೆ ಎಡಗಿವಿಯ ಮೇಲೆ ಬೆರಳಿಟ್ಟು ಬಿಗಿ ನೋಡುತ್ತಿದ್ದ. ಎಷ್ಟೋ ವರ್ಷ ಬಟ್ಟೆ ಒತ್ತಿ ಆ ಕಿವಿಯ ಮೇಲಂಚು ಮಡಚಿಕೊಂಡೇ ಇತ್ತು.

ಸ್ವಂತ ಕಾಕಾ ಅಲ್ಲ. ಸಿಂಧನೂರಿನಲ್ಲಿ ನಮ್ಮ ಪಕ್ಕದ ಮನೆಯವನು. ಅಕ್ಕಿ ಗಿರಣಿಯಲ್ಲಿ ಭತ್ತದ ಚೀಲ ತೂಗುವ ಕೆಲಸ. ಸುಗ್ಗಿ ಮುಗಿದ ಮೇಲೆ ಹಳ್ಳಿ ನಾಟಕ. ಯಾವ ಊರಿನವರು ನಾಟಕ ಆಡಿದರೂ ಮನೆಯ ಹಿರಿಯನ ಪಾತ್ರ ಅವನಿಗೇ. ಮೈಕು ಕೆಟ್ಟರೂ ಹಿಂದೆ ಕುಳಿತವರಿಗೆ ಕೇಳುವ ದನಿ.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟು ವೆಲ್ಡಿಂಗ್ ಕಲಿತವನು. ಈ ಊರಿನ ಬಜಾರದಲ್ಲಿ ಎಷ್ಟೋ ಶೆಟರ್ ನನ್ನ ಕೈಯವು. ಹೊಸದಾಗಿ ಅಂಗಡಿ ಹಾಕಿದಾಗ ಬೆಂಗಳೂರಿನಿಂದ ಬಂದ ಎಂಜಿನಿಯರೊಬ್ಬ ನನ್ನ ಮಾತು ಕೇಳಿ, ಹಾಗೇ ಅಣಕಿಸಿ ನಕ್ಕಿದ್ದ. ನಾನು ನೆಲ ನೋಡುತ್ತ ನಿಂತಿದ್ದೆ. ಅವನು ಹೋದ ಮೇಲೆ ಕಾಕಾ ಅಂದದ್ದು ಇಷ್ಟೇ: "ಕೆಲಸ ತಪ್ಪಿದ್ರ ತಲಿ ತಗ್ಗಸು. ಮಾತಾಡಿದ್ದಕ್ಕ ತಗ್ಗಸಬ್ಯಾಡಲೇ."

ಆಮೇಲೆ ನಾನು ಯಾರ ಮುಂದೆಯೂ ತಗ್ಗಿಸಿಲ್ಲ.

ಮಸ್ಕಿಯಲ್ಲಿ ಅವನ ನಾಟಕ ನೋಡಿದ ಟೀವಿಯವರು ಬೆಂಗಳೂರಿಗೆ ಕರೆಸಿದರು. ಕಾಮಿಡಿ ಸೀರಿಯಲ್ಲು. ಹಿರಿಯನ ಪಾತ್ರ ಇರಬೇಕು ಅಂದುಕೊಂಡು ಹೋದ. ಕೊಟ್ಟದ್ದು ಅಪಾರ್ಟ್‌ಮೆಂಟಿನ ವಾಚ್‌ಮನ್ ಪಾತ್ರ. ನಮ್ಮ ಕಡೆಯಿಂದ ದುಡಿಯಲು ಬಂದವನು, ದಡ್ಡ.

ಮೊದಲ ಸಲ ಅದು ಬಂದ ದಿನ ಓಣಿಯವರೆಲ್ಲ ನಮ್ಮ ಮನೆಯಲ್ಲಿ ಸೇರಿದ್ದರು. ವಾಚ್‌ಮನ್ ಲಿಫ್ಟ್ ಕಂಡು ಹೆದರಿ ಓಡಿದ. ಉಳ್ಳಾಗಡ್ಡಿ ಗುದ್ದಿ, ಬಾಯಿ ತುಂಬ ರೊಟ್ಟಿ ತುರುಕಿಕೊಂಡ. ಯಪ್ಪಾ, ಯಪ್ಪಾ ಅನ್ನುತ್ತ ಕಂಡಕಂಡವರ ಕಾಲಿಗೆ ಬಿದ್ದ. ಮನೆ ಮಾಲಕ ಕಪಾಳಕ್ಕೆ ಹೊಡೆದ. ರುಮಾಲು ಹಾರಿ ನೆಲಕ್ಕೆ ಬಿತ್ತು. ಟೀವಿಯೊಳಗೆ ಜನ ಗೊಳ್ಳೆಂದು ನಕ್ಕರು. ನಮ್ಮ ಮನೆಯಲ್ಲೂ ನಕ್ಕರು.

"ಕಾಕಾ, ಖರೇ ಹೊಡದ್ನೇನು?" ಎದುರು ಮನೆಯವ ಕೇಳಿದ.

"ಇಲ್ಲಲೇ. ಸಪ್ಪಳ ಆಮ್ಯಾಲೆ ಹಚ್ತಾರ."

"ಮತ್ತ ನಗೋ ಜನ?"

"ಜನಾನೂ ಇರಂಗಿಲ್ಲ. ಅದನ್ನೂ ಆಮ್ಯಾಲೆ ಹಚ್ತಾರ."

"ರುಮಾಲಂತೂ ಖರೇ ಬಿತ್ತಲ್ಲ" ಅಂದು ಕಾಕಿ ಎದ್ದು ಹೋದಳು.

ಮರುದಿನ ಕಾಕಾ ನನ್ನ ಅಂಗಡಿಯಲ್ಲಿ ಕುಳಿತು ಹೇಳಿದ. ಅವನು ಸುತ್ತಿದ ರುಮಾಲು ಎಷ್ಟು ಸಲ ಹೊಡೆದರೂ ಬೀಳಲೇ ಇಲ್ಲವಂತೆ. ಕೊನೆಗೆ ಟೊಪ್ಪಿಗೆಯ ಹಾಗೆ ಹೊಲಿದಿಟ್ಟದ್ದೊಂದು ತಂದು ತಲೆಗೆ ಇಟ್ಟರಂತೆ.

"ನಮ್ಮ ಕಡೆ ಇದು ನೆಲಕ್ಕ ಬೀಳಬಾರದ್ರಿ ಸರ, ಅಂದೆ. ಬಿದ್ರೇನೇ ನಗು ಬರೋದು ಕಾಕಾ, ಅಂದ ಡೈರೆಕ್ಟರ. ಛಲೋ ಹುಡುಗಪಾ ಅವ. ಕೇಳಿ ಕೇಳಿ ಊಟಕ್ಕ ಹಾಕಸ್ತಿದ್ದ."

"ಮತ್ತ ನೀ ಯಾಕ ಒಪ್ಪಿದಿ?"

"ಅದು ನಂದಲ್ಲಲ್ಲ, ಅವರು ಹೊಲದದ್ದು. ಹಂಗ ಅನ್ಕೊಂಡೆ."

ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಜನ ನಿಲ್ಲಿಸಿ ಫೋಟೊ ತೆಗೆಸಿಕೊಂಡರು. "ಏ ವಾಚ್‌ಮನ್, ಒಮ್ಮಿ ಯಪ್ಪಾ ಅನ್ನು" ಅಂದರು. ಅವನು ಅಂದ. ಗಿರಣಿಯಲ್ಲಿ ಮೊದಲು ರೀ ಹಚ್ಚಿ ಮಾತಾಡುತ್ತಿದ್ದವರು ಈಗ ಹಚ್ಚುತ್ತಿರಲಿಲ್ಲ. ಇದೆಲ್ಲ ಸಾಲಗುಂದದವರು ಆಡಲಿದ್ದ ನಾಟಕದಲ್ಲಿ ಅಳಿಸಿಹೋಗುತ್ತದೆ ಎಂದು ಅವನ ಲೆಕ್ಕ. "ಅಲ್ಲಿ ಜನ ನನ್ನ ಬಲ್ಲರು. ಒಮ್ಮಿ ಹಿರ್ಯಾನ ಪಾತ್ರ ನೋಡಿದ್ರಂದ್ರ ವಾಚ್‌ಮನ್‌ನ ಮರೀತಾರ."

ನಾನೇ ಬೈಕಿನಲ್ಲಿ ಕರೆದೊಯ್ದೆ. ಸತ್ತ ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಪ್ಪ ಅಳುವ ಸೀನು. ಹಿಂದೆ ಇದೇ ಸೀನಿಗೆ ಹೆಣ್ಣುಮಕ್ಕಳು ಬಾಯಿಗೆ ಸೆರಗು ಒತ್ತಿಕೊಂಡದ್ದನ್ನು ಕಂಡಿದ್ದೇನೆ. ಕಾಕಾ "ಯಪ್ಪಾ ನನ ಮಗನ..." ಅಂತ ದನಿ ತೆಗೆದ. ಮುಂದೆ ಕುಳಿತವನೊಬ್ಬ ಫಕ್ಕನೆ ನಕ್ಕ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಎಲ್ಲರೂ. ತೊಡೆಯ ಮೇಲೆ ಮಲಗಿದ್ದ ಮಗನ ಹೊಟ್ಟೆಯೂ ಕುಣಿಯುತ್ತಿತ್ತು. ಕಾಕಾ ಒಂದು ಮಾತನ್ನೂ ಬಿಡಲಿಲ್ಲ. ಅಳುವುದನ್ನೆಲ್ಲ ಅತ್ತು ಮುಗಿಸಿಯೇ ಎದ್ದ.

ಕಾಲುವೆ ದಾರಿಯಲ್ಲಿ ಮರಳಿದೆವು. ಮನೆ ಮುಂದೆ ಇಳಿದು, "ಹೆಣಾನೂ ನಕ್ತು ನೋಡಪಾ" ಅಂದ.

ಟೀವಿಯವರು ಮತ್ತೆ ಕರೆದರು, ಹೋಗಲಿಲ್ಲ. ನಾಟಕದವರು ಕರೆಯಲಿಲ್ಲ. ಗಿರಣಿಯಲ್ಲಿ ತೂಕ ಕೂಗಿ ಹೇಳುವುದನ್ನೂ ಬಿಟ್ಟು ಬೆರಳು ಮಾಡಿ ತೋರಿಸತೊಡಗಿದ. ಹೋದ ವರ್ಷ ಗಿರಣಿಯಲ್ಲೇ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ. ನಾನು ಹೆಗಲು ಕೊಟ್ಟೆ, ಮಣ್ಣು ಹಾಕಿದೆ, ಮರುದಿನ ಅಂಗಡಿ ತೆರೆದೆ. ಅಳು ಬರಲಿಲ್ಲ. ಇನ್ನೂ ಬಂದಿಲ್ಲ.

ಕೆಲವು ದಿನ ಬಿಟ್ಟು ಕಾಕಿ ಅಂಗಡಿಗೆ ಬಂದಳು.

"ಫೋನಿನ್ಯಾಗ ಅವರ ದನಿ ಐತಂತಲ್ಲಪಾ. ಒಮ್ಮಿ ಹಚ್ಚು."

ಹುಡುಕಿದೆ. ಇದ್ದದ್ದು ಆ ವಾಚ್‌ಮನ್ ಒಂದೇ. ಅಷ್ಟು ವರ್ಷದ ನಾಟಕದಲ್ಲಿ ಒಂದು ಮಾತನ್ನೂ ಯಾರೂ ಹಿಡಿದಿಟ್ಟಿರಲಿಲ್ಲ. ಹಚ್ಚಿ ಕೊಟ್ಟೆ. ಕಾಕಿ ಚಿತ್ರ ನೋಡಲಿಲ್ಲ. ಫೋನು ಕಿವಿಗೆ ಒತ್ತಿ ಕಣ್ಣು ಮುಚ್ಚಿದಳು. ಅವನದೊಂದು ಮಾತು, ಅದರ ಮೇಲೆ ನಗು. ಇನ್ನೊಂದು ಮಾತು, ಮತ್ತೆ ನಗು.

"ಇದರಾಗಿನ ನಗಿ ಅಷ್ಟು ತಗದು ಕೊಡಾಕ ಬರ್ತದೇನಪಾ? ಆಮ್ಯಾಲೆ ಹಚ್ಚಿದ್ದು ಅಂತಿದ್ರಲ್ಲ ಅವರು."

ಮೊಬೈಲ್ ಅಂಗಡಿಯವನ ಹತ್ತಿರ ಒಯ್ದೆ. ಅವನು ಕಂಪ್ಯೂಟರಿಗೆ ಹಾಕಿ ನೋಡಿದ. "ಮಾತಿನ ತುದಿ ಮ್ಯಾಲೇ ಕುಂತೈತಣ್ಣ ನಗಿ. ತಗದ್ರ ಕಾಕಾನ ದನೀನೂ ಅಷ್ಟು ಹೋಗ್ತೈತಿ" ಅಂದ.

ಕಾಕಿಗೆ ಹಾಗೇ ಹೇಳಿದೆ. ಒಂದು ಫೋನು ಕೊಡಿಸಿ ಅದರಲ್ಲಿ ಹಾಕಿಕೊಟ್ಟೆ. ಈಗ ದಿನಾ ಸಂಜೆ ಕಟ್ಟೆಯ ಮೇಲೆ ಕುಳಿತು ಕೇಳುತ್ತಾಳೆ. ಎಲ್ಲೆಲ್ಲಿ ನಗುತ್ತಾರೆ ಎಂಬುದು ಅವಳಿಗೆ ಬಾಯಿಪಾಠ ಆಗಿದೆ. ನಗು ಬರುವ ಮೊದಲೇ ಫೋನನ್ನು ಕಿವಿಯಿಂದ ದೂರ ಹಿಡಿದು, ಅದು ಮುಗಿದ ಮೇಲೆ ಮತ್ತೆ ಹತ್ತಿರ ತಂದುಕೊಳ್ಳುತ್ತಾಳೆ.